ಮಾಮ ಬಯರ್ ಆದದ್ದು

ನನ್ನ ಆಫೀಸು ಪೀಳಮೇಡಿನಲ್ಲಿ, ಗಂಡನ ಆಫೀಸು ತಿರುಪ್ಪೂರಿನಲ್ಲಿ. ಮನೆ ಎಲ್ಲಿ ಮಾಡುವುದು ಎಂದು ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಜಗಳವಾಗಿ, ಕೊನೆಗೆ ಯಾರಿಗೂ ಸುಖವಾಗದಿರಲಿ ಎಂಬಂತೆ ನಡುವಿನ ಅವಿನಾಶಿಯಲ್ಲಿ ಮಾಡಿದೆವು. ಮಹಡಿಯ ಮೇಲಿನ ಎರಡು ಕೋಣೆ ನಮಗೆ. ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ನೇಕಾರರ ಮನೆತನ, ಮನೆಮಾತು ಕನ್ನಡ. ಮನೆ ನೋಡಲು ಹೋದ ದಿನ ಅವರು ಕನ್ನಡದಲ್ಲಿ ಮಾತಾಡಿಸಿದಾಗ ದಾವಣಗೆರೆಯಿಂದ ಬಂದ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ನೋಡಿದರೆ ಅವರ ಕನ್ನಡದಲ್ಲಿ ಅರ್ಧ ತಮಿಳು, ನನಗೆ ಮೂರಕ್ಕೆ ಒಂದು ಮಾತು ಅರ್ಥವಾಗದು. ಅವರಿಗೂ ಅದೇ ಕಷ್ಟ. "ನೀನು ಟಿವಿನಾಗೆ ನ್ಯೂಸ್ ಓದಿದಂಗೆ ಮಾತಾಡ್ತೀಯ ಅಮ್ಮಣಿ, ಕೊಂಚಂ ಮೆಲ್ಲಗೆ ಹೇಳು" ಎನ್ನುತ್ತಿದ್ದರು. ಬೀದಿಯವರೆಲ್ಲ ಅವರನ್ನು ಮಾಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಅತ್ತೆಯಾದರು.

ಮಾಮ ಮಗ್ಗದ ಮೇಲೆ ಕೂತವರಲ್ಲ. ತಿರುಪ್ಪೂರಿನ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಸ್ಯಾಂಪಲ್ ವಿಭಾಗ ನೋಡಿಕೊಂಡು ನಿವೃತ್ತರಾದವರು. ಕಂಪನಿಯವರು ಬೀಳ್ಕೊಡುಗೆಗೆ ಶಾಲು ಹೊದಿಸಿ, ಆಫೀಸಿನಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟು ಕಳಿಸಿದ್ದರು. ಅದರ ಮಾನಿಟರು ನಮ್ಮೂರ ಕಡೆಯ ಮದುವೆ ಛತ್ರದ ಗ್ರೈಂಡರಿನಷ್ಟು ದಪ್ಪ. ಮನೆಯ ಪಡಸಾಲೆಯಲ್ಲಿ ಹಿಂದೆ ಗುಂಡಿಮಗ್ಗ ಇದ್ದ ಜಾಗದಲ್ಲಿ ಅದನ್ನು ಸ್ಥಾಪಿಸಿದ್ದರು. ಆ ಗುಂಡಿಗೆ ಕಲ್ಲು ತುಂಬಿ ಸಿಮೆಂಟು ಹಾಕಿದ್ದರೂ ನೆಲ ಮೆಲ್ಲಗೆ ಕುಸಿದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಲ್ಲಿ ನೆಲ ನಿಜವಾಗಿಯೂ ಡೊಂಕು. ಚಕ್ರದ ಕಂಪ್ಯೂಟರ್ ಮೇಜು ದಿನವೂ ಸ್ವಲ್ಪ ಸ್ವಲ್ಪ ಜಾರಿ ಅಡುಗೆಮನೆಯ ಕಡೆ ಹೊರಡುತ್ತಿತ್ತು. ಅತ್ತೆಗೆ ಅದು ಅನುಕೂಲವೇ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರದಿದ್ದಾಗ ಪಾತ್ರೆಯನ್ನು ಬಿಸಿಯಾದ ಸಿಪಿಯು ಡಬ್ಬದ ಮೇಲೆ ಇಟ್ಟು ಟವೆಲು ಮುಚ್ಚುತ್ತಿದ್ದರು. ಮಾಮ ಕಂಪ್ಯೂಟರಿನಲ್ಲಿ ಕಾರ್ಡ್ಸ್ ಆಡಿದಷ್ಟೂ ಇಡ್ಲಿ ಮೆತ್ತಗಾಗುತ್ತಿತ್ತು.

ಎರಡು ಸಾವಿರದ ಒಂಬತ್ತನೆಯ ಇಸವಿ. ಇನ್ನೂ ಅಂಗಡಿಗೆ ಬಾರದ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಪರೀಕ್ಷಾ ಪ್ರತಿಯೊಂದು ನಮ್ಮ ಆಫೀಸಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಜನ ಹಾಕಿಕೊಂಡು ನೋಡಿ ತಪ್ಪು ಹೇಳಲಿ ಎಂದು ಅದನ್ನು ಮಾಡುವ ಅಮೆರಿಕದ ಕಂಪನಿಯೇ ಬಿಟ್ಟದ್ದು. ಎಲ್ಲರೂ ಹೊಸ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಮೆರೆಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಹೊಸದರಲ್ಲಿ ಯಾವ ಕತ್ತೆಯಾದರೂ ಓಡಿಸುತ್ತೆ, ಹಳೇ ಡಬ್ಬದಲ್ಲಿ ಓಡಿಸಿ ತೋರಿಸ್ತೀನಿ" ಎಂದುಬಿಟ್ಟೆ. ಅದೇ ವಾರ ಮಾಮನ ಕಂಪ್ಯೂಟರು ವೈರಸ್ ತುಂಬಿ ಬಾಯಿ ಬಿಡದೆ ಕೂತಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೆಳಗಿಳಿದೆ.

ಅದರಲ್ಲಿ ಡಿವಿಡಿ ಓದುವ ಸೌಕರ್ಯವೇ ಇರಲಿಲ್ಲ. ನನ್ನ ಕಂಪ್ಯೂಟರಿನ ಡಿವಿಡಿ ಡ್ರೈವನ್ನೇ ಬಿಚ್ಚಿ ತಂದು ಪಕ್ಕದ ಸ್ಟೂಲಿನ ಮೇಲಿಟ್ಟು ವೈರು ಎಳೆದೆ. ಮೆಮರಿ ಸಾಲದೆಂದು ನನ್ನ ಹತ್ತಿರ ಬಿದ್ದಿದ್ದ ಒಂದು ತುಂಡನ್ನೂ ಸಿಕ್ಕಿಸಿದೆ. ಇಂಟರ್‌ನೆಟ್ಟಿಗೆ ನಮ್ಮ ಮಹಡಿಯ ಕಿಟಕಿಯಿಂದ ಅವರ ಪಡಸಾಲೆಗೆ ನೀಲಿ ವೈರೊಂದನ್ನು ಇಳಿಬಿಟ್ಟೆ. ಹೊಸದು ಬರುತ್ತಿದೆ ಎಂದಮೇಲೆ ಅತ್ತೆ ಸುಮ್ಮನಿರುತ್ತಾರೆಯೇ? ಹೊಸ ಗಾಡಿಗೆ ಮಾಡುವಂತೆ ಮೇಜಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಮುಂದಕ್ಕೆ ತಳ್ಳು" ಎಂದರು. ತಳ್ಳಿದೆ. ಮೇಜು ತಾನೇ ಉತ್ಸಾಹದಿಂದ ಅಡುಗೆಮನೆಯ ಹೊಸ್ತಿಲವರೆಗೆ ಹೋಯಿತು. ಸ್ಟೂಲಿನ ಮೇಲಿದ್ದ ಡ್ರೈವು ವೈರಿನ ಸಮೇತ ಹಿಂದೆಯೇ ಓಡಿತು. ಅದನ್ನು ಹಿಡಿಯಲು ಹೋಗಿ ನಾನು ನಿಂಬೆರಸದ ಮೇಲೆ ಕಾಲಿಟ್ಟು ಕೂತುಬಿಟ್ಟೆ. "ದೃಷ್ಟಿ ಹೋಯ್ತು, ಬಿಡು" ಎಂದರು ಅತ್ತೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅಂತೂ ಬಂತು. ಪರದೆಯ ತುಂಬ ನೀಲಿ, ನಡುವೆ ಒಂದು ಮೀನಿನ ಚಿತ್ರ. ಮಾಮ ಕನ್ನಡಕ ಏರಿಸಿ ನೋಡಿದರು.

"ಇದು ಯಾವಾಗ ಕಡೆಗೆ ಬರ್ತೈತೆ?" ಕಡೆ ಎಂದರೆ ಅವರ ಮಾತಿನಲ್ಲಿ ಅಂಗಡಿ.

"ಇನ್ನೂ ತಿಂಗಳುಗಟ್ಟಲೆ ಆಗುತ್ತೆ ಮಾಮ. ಇದು ಪರೀಕ್ಷೆಗೆ ಬಿಟ್ಟಿರೋದು. ನಾವು ಉಪಯೋಗಿಸಿ ಏನು ಸರಿಯಿಲ್ಲ ಅಂತ ಹೇಳಿದರೆ ಅವರು ತಿದ್ದುತ್ತಾರೆ."

"ಅಂದ್ರೆ ಸ್ಯಾಂಪಲ್ಲು."

"ಹೂಂ, ಹಾಗೇ ಅಂದುಕೊಳ್ಳಿ." ಪರದೆಯಲ್ಲಿ ತೆರೆಯುವ ಪ್ರತಿ ಕಿಟಕಿಯ ಮೇಲೂ ಅಭಿಪ್ರಾಯ ಕಳಿಸಲು ಒಂದು ಗುಂಡಿ ಇತ್ತು. ಅದನ್ನು ತೋರಿಸಿದೆ. "ಇಲ್ಲಿ ಒತ್ತಿ ಬರೆದರೆ ನೇರ ಅಮೆರಿಕಕ್ಕೆ ಹೋಗುತ್ತೆ."

ಮಾಮ ಕುರ್ಚಿಯಲ್ಲಿ ನೆಟ್ಟಗಾದರು. ಅವರ ಕೆಲಸ ಏನಿತ್ತೆಂದು ನನಗೆ ತಿಳಿದದ್ದು ಆಗಲೇ. ಮಾಲು ಕೊಳ್ಳುವ ವಿದೇಶದ ಬಯರ್ ಒಂದು ಟೀ ಶರ್ಟು ಬೇಕೆಂದರೆ ಮೊದಲು ಒಂದೇ ಒಂದನ್ನು ಹೊಲಿದು ಕಳಿಸಬೇಕು. ಅಲ್ಲಿಂದ ಕಾಮೆಂಟು ಬರುತ್ತದೆ: ಕುತ್ತಿಗೆ ಸಡಿಲ, ಬಣ್ಣ ಒಂದು ಎಳೆ ಗಾಢ, ತಿದ್ದಿ ಕಳಿಸಿ. ತಿದ್ದಿ ಕಳಿಸಿದರೆ ಇನ್ನೊಂದು ಕಾಮೆಂಟು. ಬಯರ್ ಸರಿ ಎನ್ನುವ ತನಕ ಒಂದು ಗಜ ಬಟ್ಟೆಗೂ ಕತ್ತರಿ ಹಾಕುವ ಹಾಗಿಲ್ಲ. ಮಾಮನ ಆಯುಷ್ಯವೆಲ್ಲ ಹೀಗೆ ಕಾಮೆಂಟು ತಿನ್ನುವುದರಲ್ಲೇ ಕಳೆದಿತ್ತು. ಕಾಮೆಂಟು ಮಾಡುವ ಕಡೆ ಅವರು ಒಂದು ದಿನವೂ ಕೂತವರಲ್ಲ.

"ಅಪ್ಪಿಡಿನ್ನಾ, ಅಂಗಾದ್ರೆ ಈಗ ಅವರು ಸ್ಯಾಂಪಲ್ ಕಳಿಸವ್ರೆ. ನಾವು ಬಯರ್" ಎಂದರು.

ನನಗೆ ಹಸಿವಾಗಿತ್ತು. "ಹೌದು ಮಾಮ, ನೀವೇ ಬಯರ್" ಎಂದು ಊಟಕ್ಕೆ ಎದ್ದೆ. ಆ ಒಂದು ಮಾತಿಗೆ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

ಮುಂದಿನ ಭಾನುವಾರ ಇನ್ನೂ ಹಲ್ಲುಜ್ಜುತ್ತಿದ್ದೆ, ಕೆಳಗಿನಿಂದ ಕರೆ ಬಂತು. ಮಾಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಇಂಚುಟೇಪು ಹಾಕಿಕೊಂಡು ಕೂತಿದ್ದರು. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುವುದು. ಮೊದಲ ಕಾಮೆಂಟು ಅತ್ತೆಯದೇ. "ಶುಕ್ರವಾರ ಇದಕ್ಕೂ ಕರ್ಪೂರ ಬೆಳಗ್ತೀನಿ. ಒಂಟಿ ಮೀನಿಗೆ ಬೆಳಗೋದಾ? ಜೋಡಿ ಕೊಡಕ್ಕೆ ಹೇಳು, ಇಲ್ಲಾ ತೆಗಿಯಕ್ಕೆ ಹೇಳು." ಮಾಮ ಅದನ್ನು ತಮ್ಮ ಆಫೀಸಿನ ಭಾಷೆಗೆ ತಿರುಗಿಸಿದರು: ಫಿಶ್ ಈಸ್ ಸಿಂಗಲ್, ಕೈಂಡ್ಲಿ ಗಿವ್ ಪೇರ್ ಆರ್ ರಿಮೂವ್.

ಎರಡನೆಯದು ಪರದೆಯ ಮೇಲಿನ, ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿ. ತೆರೆದ ಕೂಡಲೇ ಎದುರಿಗೆ ಕಸದ ಬುಟ್ಟಿ ಕಾಣುತ್ತದೆ, ಯಾವ ಮನೆಯಲ್ಲಿ ಬಾಗಿಲಲ್ಲೇ ಇಡುತ್ತಾರೆ, ಹಿತ್ತಲ ಕಡೆಗೆ ಸರಿಸಬೇಕು. ಮೂರನೆಯದಕ್ಕೆ ಪರದೆಯ ಮೇಲೆ ಟೇಪು ಹಿಡಿದು ಕಿಟಕಿಯ ಅಂಚನ್ನು ಅಳೆದು, "ಎಡಗಡೆ ಬಲಗಡೆ ಒಂದೇ ಅಳತೆ ಐತೆ, ಗುಡ್ ಅಂತ ಹಾಕು. ಒಳ್ಳೇದ್ನೂ ಹೇಳ್ಬೇಕು, ಇಲ್ಲಾಂದ್ರೆ ಹುಡುಗರಿಗೆ ಮನಸು ಬಿದ್ದೋಗ್ತೈತೆ" ಎಂದರು. ಅವರು ಐದು ನಿಮಿಷ ಹೇಳಿದ್ದನ್ನು ನಾನು ಒಂದು ಸಾಲಿಗೆ ಇಳಿಸುತ್ತಿದ್ದೆ. ಅದೂ ಅವರ ಗಮನಕ್ಕೆ ಬಂತು.

"ನಾ ಇಷ್ಟು ಹೇಳ್ದೆ, ನೀನು ಟಪಟಪ ನಾಕು ತಟ್ಟಿ ಬಿಟ್ಟೆ."

"ಇಂಗ್ಲಿಷಿನಲ್ಲಿ ಅಷ್ಟೇ ಆಗೋದು ಮಾಮ."

"ನಂಗೆ ಬಯರ್ ಬರೀತಿದ್ದದ್ದು ಎರಡು ಪೇಜು."

ಆಮೇಲಿನ ವಾರ ಬಣ್ಣದ ಸರದಿ. ಹಿನ್ನೆಲೆಯ ನೀಲಿ ಯಾಕೋ ಸರಿಯಿಲ್ಲ ಎಂದು ಅವರಿಗೆ ಅನುಮಾನ. ತಿರುಪ್ಪೂರಿನಲ್ಲಿ ಬಣ್ಣವನ್ನು ದೀಪದ ಕೆಳಗೆ ನೋಡಿ ಒಪ್ಪುವುದಿಲ್ಲವಂತೆ, ಹಗಲು ಬೆಳಕಿಗೆ ಹಿಡಿದೇ ನೋಡಬೇಕಂತೆ. "ಹೊರಗೆ ತಕ್ಕೊಂಡು ಬಾ" ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಗಂಡನೂ ನಾನೂ ಸೇರಿ ಆ ಗ್ರೈಂಡರ್ ಮಾನಿಟರನ್ನು ಎತ್ತಿ, ಉದ್ದದ ವೈರು ಹುಡುಕಿ ಜೋಡಿಸಿ, ಅಂಗಳದಲ್ಲಿ ರಂಗೋಲಿಯ ಪಕ್ಕ ಇಟ್ಟೆವು. ಬಿಸಿಲಿಗೆ ಪರದೆಯಲ್ಲಿ ಮೂವರ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಮಾಮ ಬಗ್ಗಿ, ಅಂಗೈ ಅಡ್ಡ ಹಿಡಿದು, ಜೇಬಿನಿಂದ ನೀಲಿ ಬಟ್ಟೆಯ ಚೂರೊಂದನ್ನು ತೆಗೆದು ಗಾಜಿಗೆ ಒತ್ತಿ ನೋಡಿದರು. ದಾರಿಯಲ್ಲಿ ಹೋಗುವ ಹೆಂಗಸೊಬ್ಬರು ಅದನ್ನು ಆಸ್ಪತ್ರೆಯ ಯಂತ್ರವೆಂದುಕೊಂಡು ಯಾರಿಗೆ ಹುಷಾರಿಲ್ಲವೆಂದು ಅತ್ತೆಯನ್ನು ಕೇಳಿದರು. ಕೊನೆಗೆ ಬರೆಸಿದ ಕಾಮೆಂಟು: ಹಗಲು ಬೆಳಕಿನಲ್ಲಿ ಬಣ್ಣ ಪೂರ್ತಿ ಮಾಯವಾಗುತ್ತದೆ, ಡೈಯಿಂಗ್ ಮತ್ತೊಮ್ಮೆ ಪರೀಕ್ಷಿಸಿ. ನನ್ನ ಗಂಡ ಸೊಂಟ ಹಿಡಿದುಕೊಂಡು ಮೇಲೆ ಹೋಗಿ ಮಲಗಿಬಿಟ್ಟ.

ಅತ್ತೆ ಮಾತ್ರ ಈ ಬಯರ್‌ಗಿರಿಗೆ ಸೊಪ್ಪು ಹಾಕುತ್ತಿರಲಿಲ್ಲ. "ಹಿತ್ತಲ ನಲ್ಲಿ ಸೋರ್ತೈತೆ, ಅದಕ್ಕೆ ಒಂದು ಕಾಮೆಂಟು ಇಲ್ಲ. ಅಮೆರಿಕದೋನ ಬುಟ್ಟಿ ಎತ್ತಿಡಕ್ಕೆ ಹೊಂಟವ್ರೆ" ಎಂದು ಒಳಗಿನಿಂದಲೇ ಗೊಣಗುತ್ತಿದ್ದರು. ಆದರೆ ಹೊಸ ಸಿಸ್ಟಮ್ಮು ಬಂದಮೇಲೆ ಹಳೆಯ ಡಬ್ಬ ಏದುಸಿರು ಬಿಡುತ್ತಾ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತಿತ್ತು. ಹಿಟ್ಟು ಟವೆಲನ್ನೇ ಎತ್ತುವಷ್ಟು ಉಬ್ಬುತ್ತಿತ್ತು. ಅದಕ್ಕೆ ಮಾತ್ರ ಅವರಾಗಿಯೇ ಬಂದು, "ಬಿಸಿ ಶರಿಯಾಗೈತೆ, ಕಮ್ಮಿ ಮಾಡ್ಬೇಡಿ ಅಂತ ಹಾಕು" ಎಂದು ಹೇಳಿಹೋದರು. ಅದನ್ನೂ ಕಳಿಸಿದೆ.

ಇಷ್ಟಕ್ಕೇ ನಿಂತಿದ್ದರೆ ನಗು. ಆದರೆ ಮಾಮ ಬಸ್ ಸ್ಟಾಪಿನ ಎದುರಿನ ಟೀ ಅಂಗಡಿಯಲ್ಲಿ ಹೇಳಿಕೊಂಡುಬಿಟ್ಟಿದ್ದರು. ಅಲ್ಲಿ ಬೆಳಿಗ್ಗೆ ಸೇರುವವರೆಲ್ಲ ಬನಿಯನ್ ಕಂಪನಿಗಳಲ್ಲೇ ಕೂದಲು ಬಿಳಿ ಮಾಡಿಕೊಂಡವರು. ಬಯರ್ ಎಂಬ ಪದದ ತೂಕ ಅವರಿಗೆ ಚೆನ್ನಾಗಿ ಗೊತ್ತು. ನಾನು ಪೀಳಮೇಡಿನ ಬಸ್ಸಿಗೆ ಅಲ್ಲೇ ಕಾಯುತ್ತಿದ್ದೆನಾದ್ದರಿಂದ ಎಲ್ಲ ಕಿವಿಗೆ ಬೀಳುತ್ತಿತ್ತು. ಮಾಮ ಬಂದ ಕೂಡಲೇ ಒಬ್ಬರು, "ಎನ್ನಂಗ ಬಯರ್, ರಿಪ್ಲೈ ವಂದುಚ್ಚುಂಗಳಾ?" ಎನ್ನುತ್ತಿದ್ದರು. ಉತ್ತರ ಬಂತೇ ಎಂದು. ಉಳಿದವರು ಟೀ ಗ್ಲಾಸಿನೊಳಗೆ ನಗುತ್ತಿದ್ದರು. "ವರುಂ, ವರುಂ" ಎನ್ನುತ್ತಿದ್ದರು ಮಾಮ. ಬರುತ್ತೆ, ಬರುತ್ತೆ.

ಬರಲಿಲ್ಲ. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಅಮ್ಮಣಿ, ರಿಪ್ಲೈ?"

"ಇಲ್ಲ ಮಾಮ. ಪ್ರಪಂಚದ ಲಕ್ಷಾಂತರ ಜನ ಬರೀತಾರೆ. ಎಲ್ಲರಿಗೂ ಉತ್ತರ ಕೊಡಕ್ಕಾಗಲ್ಲ."

"ನಮಗೂ ಊರಗಲ ಬಯರ್ ಇದ್ರು. ಒಬ್ಬನ್ನೂ ಬಿಟ್ಟೋನಲ್ಲ ನಾನು. ಉತ್ತರ ಇಲ್ದೆ ಬಿಟ್ರೆ ಅವಮಾನ ಮಾಡ್ದಂಗೆ."

ಗಿಣಿಗೆ ಹೇಳಿದ ಹಾಗೆ ಹೇಳಿದೆ, ಮನಸ್ಸಿಗೆ ಹತ್ತಲಿಲ್ಲ. ಮೊದಮೊದಲು ನನಗೆ ರೇಗುತ್ತಿತ್ತು. ಆಮೇಲೆ ಒಂದು ದಿನ ಅವರು ಕೇಳಲೂ ಇಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಳಗೆ ಹೋದರು. ಜೀವಮಾನವಿಡೀ ಬಯರ್‌ಗಳು ಹೇಳಿದ ತಪ್ಪು ತಿದ್ದಿದ ಮನುಷ್ಯ, ತನ್ನದೊಂದು ಮಾತನ್ನು ಯಾರಾದರೂ ಓದಿದರೋ ಇಲ್ಲವೋ ಎಂಬುದನ್ನು ಮಾತ್ರ ತಿಳಿಯಬೇಕೆಂದಿದ್ದರು. ಟೀ ಅಂಗಡಿಗೆ ಹೋಗುವುದನ್ನೂ ಬಿಟ್ಟರು. ನನ್ನ ಗಂಡ, "ನೀನೇ ಒಂದು ಉತ್ತರ ಬರೆದು ತೋರಿಸು, ಮುಗಿಯುತ್ತೆ" ಎಂದ. "ಅವರು ಹೊಲಿಗೆ ನೋಡಿ ಯಾವ ಮಿಷನ್ನಿನಲ್ಲಿ ಹೊಲಿದದ್ದು ಅಂತ ಹೇಳೋ ಜನ, ನಿನ್ನ ಹಾಗೆ ಅಲ್ಲ" ಎಂದು ಬೈದೆ. ನಿಜ ಹೇಳಬೇಕೆಂದರೆ ಅವರಿಗೆ ಸುಳ್ಳು ಕೊಡಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅದೇ ಸಿಸ್ಟಮ್ಮಿನ ಎರಡನೆಯ ಪರೀಕ್ಷಾ ಪ್ರತಿ ಬಂತು. "ತಿದ್ದಿದ ಸ್ಯಾಂಪಲ್ಲು" ಎಂದೆ. ಮಾಮನ ಮುಖ ಸ್ವಲ್ಪ ಅರಳಿತು. ಮತ್ತೆ ಡ್ರೈವು, ಮತ್ತೆ ಸ್ಟೂಲು, ನಿಂಬೆಹಣ್ಣು ಬೇಡವೆಂದು ನಾನು ಕೈಮುಗಿದೆ. ಊಟದ ಹೊತ್ತಿಗೆ ಪರದೆ ಬೆಳಗಿತು. ಮೀನು ಇರಲಿಲ್ಲ.

ಮಾಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅತ್ತೆ ಸೌಟು ಹಿಡಿದೇ ಬಂದು ನೋಡಿದರು. ಚಿತ್ರ ಬದಲಾದದ್ದು ನಮ್ಮಿಂದಲ್ಲವೆಂದು ನನಗೆ ಗೊತ್ತಿತ್ತು. ಪ್ರತಿ ಸಲ ಹೊಸ ಪ್ರತಿಗೆ ಹೊಸ ಚಿತ್ರ ಹಾಕುತ್ತಾರೆ. ಆದರೆ ಹೇಳಲು ನಾಲಿಗೆ ಏಳಲಿಲ್ಲ. "ಪಾತ್ತಿಯಾ?" ಎಂದರು ಮಾಮ, ನೋಡಿದೆಯಾ ಎಂದು, ನನಗಲ್ಲ, ಅತ್ತೆಗೆ. ಕಸದ ಬುಟ್ಟಿ ಇದ್ದಲ್ಲೇ ಇತ್ತು. ಅದಕ್ಕೆ ಅವರು, "ಎಲ್ಲಾನೂ ಒಂದೇ ಸಲ ತಿದ್ದಕ್ಕಾಗಲ್ಲ, ಪಾಪ" ಎಂದು ಕ್ಷಮಿಸಿದರು.

ಮರುದಿನ ಬೆಳಿಗ್ಗೆ ಟೀ ಅಂಗಡಿಗೆ ಹೋದರು. ಮೀನಿನ ಕಥೆ ಹೇಳಿದರು. ನಾನು ಬಸ್ಸು ಬಂದರೂ ಹತ್ತದೆ ನಿಂತಿದ್ದೆ. ಕೇಳಿಸಿಕೊಂಡವರಲ್ಲಿ ಒಬ್ಬರು ಟೀ ಮುಗಿಸಿ, ಗ್ಲಾಸು ಇಟ್ಟು, ತಮಿಳಿನಲ್ಲಿ ನಿಧಾನವಾಗಿ ಕೇಳಿದರು: ನೀನು ಹೇಳಿದ್ದಕ್ಕೇ ತೆಗೆದರು ಅಂತ ಹೇಗೆ ಗೊತ್ತು? ಬರೆದು ಕೊಟ್ಟಿದ್ದಾರಾ? ಮಾಮ ಅರ್ಧ ಕುಡಿದ ಗ್ಲಾಸು ಇಟ್ಟು ಮನೆ ಕಡೆ ಹೊರಟರು. ಬನಿಯನ್ ವ್ಯಾಪಾರದಲ್ಲಿ ಬರಹವಿಲ್ಲದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅದನ್ನು ಅವರೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದರು. ಹಾಗೆ ಕೇಳಿದ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟಿಗೆ ಎದುರಿಗೆ ಹೋಗಿ ಜಗಳ ತೆಗೆಯುತ್ತಿದ್ದೆ, ಆದರೆ ನನ್ನ ತಮಿಳು ಜಗಳಕ್ಕೆ ಸಾಲುತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಒಂದು ಶನಿವಾರ, ಉತ್ತರ ಬಂತು.

ಪ್ರತಿಗಾಗಿ ಹೆಸರು ಬರೆಸುವಾಗ ನನ್ನ ಮೇಲ್ ವಿಳಾಸ ಕೊಟ್ಟಿದ್ದೆ, ಅದಕ್ಕೇ ಬಂದಿತ್ತು. ಪ್ರಿಯ ಪರೀಕ್ಷಕರೇ, ನಿಮ್ಮ ಅಮೂಲ್ಯ ಅಭಿಪ್ರಾಯಗಳಿಗೆ ಧನ್ಯವಾದ, ಅವನ್ನು ಗಮನಕ್ಕೆ ತೆಗೆದುಕೊಂಡಿದ್ದೇವೆ, ನಿಮ್ಮ ಸಹಕಾರ ಹೀಗೇ ಇರಲಿ. ಮೀನಿಲ್ಲ, ಬುಟ್ಟಿಯಿಲ್ಲ, ನೀಲಿಯಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಯಂತ್ರವೊಂದು ಲಕ್ಷಾಂತರ ಜನಕ್ಕೆ ಒಟ್ಟಿಗೆ ಕಳಿಸಿದ್ದು. ಅಡಗಿಸಿಬಿಡಲೇ ಎಂದುಕೊಂಡೆ. ಆದರೆ ಅವರು ಕಾದಿದ್ದಕ್ಕೆ ಬಂದದ್ದು ಇದೇ, ತೋರಿಸದೆ ಇರಲು ನಾನ್ಯಾರು? ಕೆಳಗೆ ಹೋಗಿ ಅವರದೇ ಕಂಪ್ಯೂಟರಿನಲ್ಲಿ ತೆರೆದೆ.

ಮಾಮ ಇಂಗ್ಲಿಷನ್ನು ಅಕ್ಷರ ಅಕ್ಷರ ಬೆರಳಿಟ್ಟು ಓದಿದರು. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬಂದರು. ನಾನು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ.

"ಇದನ್ನ ಕಳಿಸ್ದೋನು ನಮ್ಮ ಕಾಮೆಂಟು ಓದಿಲ್ಲ" ಎಂದರು.

"ಓದಿರ್ತಾರೆ ಮಾಮ."

"ಇಲ್ಲ ಅಮ್ಮಣಿ. ನಂಗೆ ಗೊತ್ತು. ಇಂಥದ್ದು ನಾನೂ ದಿನಾ ಕಳಿಸ್ತಿದ್ದೆ. ನೋಟೆಡ್ ವಿತ್ ಥ್ಯಾಂಕ್ಸ್. ಬಯರ್ ಕಾಗದ ಬಂದ ಒಡನೆ, ಬಿಚ್ಚಕ್ಕೆ ಮುಂಚೆ ಇದನ್ನ ಕಳಿಸ್ಬಿಡೋದು, ಅಪ್ಪುರಂ, ಆಮೇಲೆ, ಓದೋದು. ಎಷ್ಟೋ ಸಲ ಓದ್ದೆ. ಎಷ್ಟೋ ಸಲ ಅಪ್ಪುರಂ ಬರ್ಲೇ ಇಲ್ಲ." ಪರದೆಯ ಧೂಳನ್ನು ಅಂಗೈಯಿಂದ ಒರೆಸಿದರು. "ಆ ಬಯರ್‌ಗಳೂ ಪಾಪ, ಎಲ್ಲೋ ಕೂತು ಎರಡೆರಡು ಪೇಜು ಬರೆದು, ಹಿಂಗೇ ಕಾಯ್ತಿದ್ರೋ ಏನೋ."

ಆಮೇಲೆ ನಗಲು ಶುರು ಮಾಡಿದರು. ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವವರೆಗೆ ಹೋಯಿತು. ಅತ್ತೆ ಗಾಬರಿಯಾಗಿ ನೀರು ತಂದರು. ನೀರು ಕುಡಿದು, ಕಣ್ಣು ಒರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು.

"ಆ ಗುಂಡಿ ಇನ್ನೂ ಐತಾ?"

"ಇದೆ."

"ಒತ್ತು. ಟೈಪು ಮಾಡು. ನಿಮ್ಮ ರಿಪ್ಲೈ ನಾಟ್ ಅಪ್ರೂವ್ಡ್. ಪಾಯಿಂಟ್ ಪಾಯಿಂಟಾಗಿ ಉತ್ತರ ಇಲ್ಲ. ಕೈಂಡ್ಲಿ ರಿವೈಸ್ ಅಂಡ್ ರೀಸಬ್ಮಿಟ್." ನನ್ನ ಕಡೆ ತಿರುಗಿ, "ನಂಗೆ ಒಬ್ಬ ಬಯರ್ರಾದ್ರೂ ಹಿಂಗೆ ಬರೆದಿದ್ರೆ, ಕಂಡಿಪ್ಪಾ ಕೂತು ಓದ್ತಿದ್ದೆ" ಎಂದರು.

ಆ ಸಲ ನಾನು ಒಂದು ಅಕ್ಷರವನ್ನೂ ಕಮ್ಮಿ ಮಾಡಲಿಲ್ಲ. ಅವರು ಹೇಳಿದ್ದನ್ನೆಲ್ಲ ಹೇಳಿದ ಹಾಗೆ ಟೈಪು ಮಾಡಿ ಕಳಿಸಿದೆ.

ಸೋಮವಾರ ಬೆಳಿಗ್ಗೆ ಮಾಮ ಬಸ್ ಸ್ಟಾಪಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಟೀ ಅಂಗಡಿಯ ಬೆಂಚಿನಲ್ಲಿ ಎಲ್ಲರೂ ಇದ್ದರು, ಬರೆದು ಕೊಟ್ಟಿದ್ದಾರಾ ಎಂದು ಕೇಳಿದ್ದವರೂ ಇದ್ದರು. ಅವರೇ ತಲೆಯೆತ್ತಿ, "ಎನ್ನಂಗ, ರಿಪ್ಲೈ ವಂದುಚ್ಚುಂಗಳಾ?" ಎಂದರು.

"ವಂದುಚ್ಚು" ಎಂದರು ಮಾಮ. ಬಂತು. ಟೀ ಗ್ಲಾಸು ಕೈಗೆ ತೆಗೆದುಕೊಂಡು ಒಂದು ಗುಟುಕು ಕುಡಿದರು. "ಸರಿಯಿಲ್ಲೆ. ರಿಜೆಕ್ಟ್ ಪಣ್ಣಿಟ್ಟೇನ್." ಸರಿಯಿರಲಿಲ್ಲ, ರಿಜೆಕ್ಟ್ ಮಾಡಿಬಿಟ್ಟೆ.

ಬೆಂಚಿನಲ್ಲಿ ಯಾರೂ ನಗಲಿಲ್ಲ. ಕೇಳಿದವರು ಸರಿದು ಜಾಗ ಮಾಡಿಕೊಟ್ಟರು.